ಬೆಕ್ಕಿನ ಕಿವಿ ನುಸಿಗೆ ಮನೆಯ ಎಣ್ಣೆ: ಮಲೆನಾಡಿನ ಮನೆಗಳಿಗೆ ಹಂತ ಹಂತವಾದ ಮಾರ್ಗದರ್ಶಿ

"ಎಣ್ಣೆ ಹಾಕಿದ್ವಿ, ಒಂದು ವಾರ ಆರಾಮಾಗಿತ್ತು, ಈಗ ಮತ್ತೆ ಕೆರ್ಕೊಳ್ತಿದೆ." ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬೆಕ್ಕು ಸಾಕುವ ಮನೆಗಳಲ್ಲಿ ಈ ಮಾತು ಕೇಳಿ ಕೇಳಿ ಈ ಬರಹ ಬರೆಯಬೇಕಾಯಿತು. ಇನ್ನೊಂದು ಮಾತೂ ಇದೆ, ಅದು ಇನ್ನೂ ಸಂಕಟದ್ದು: "ಬೇವಿನೆಣ್ಣೆ ಹಾಕಿದ ಮೇಲೆ ಜೊಲ್ಲು ಸುರಿಸಿಕೊಂಡು ಮೂಲೆ ಸೇರಿದೆ, ಏನೂ ತಿನ್ತಿಲ್ಲ."

ಎರಡಕ್ಕೂ ಕಾರಣ ಒಂದೇ. ಘಾಟು ಜಾಸ್ತಿ ಇದ್ದಷ್ಟೂ ಔಷಧ ಜೋರಾಗಿ ಕೆಲಸ ಮಾಡುತ್ತದೆ, ಎರಡು ಸಲ ಹಾಕಿದರೆ ಮುಗಿಯಿತು ಅನ್ನುವ ನಂಬಿಕೆ. ಕಿವಿ ನುಸಿಯ ವಿಷಯದಲ್ಲಿ ಇದು ಪೂರ್ತಿ ಉಲ್ಟಾ. ಇಲ್ಲಿ ಕೆಲಸಕ್ಕೆ ಬರುವುದು ಸಪ್ಪೆಯಾದ, ಯಾವ ಘಾಟೂ ಇಲ್ಲದ ಅಡುಗೆಮನೆಯ ಎಣ್ಣೆ. ಅದು ನುಸಿಗೆ ವಿಷವಲ್ಲ. ಮೈಯನ್ನು ಮುಚ್ಚಿ ಉಸಿರು ಕಟ್ಟಿಸುತ್ತದೆ, ಗಟ್ಟಿಯಾದ ಗುಗ್ಗೆಯನ್ನು ಸಡಿಲ ಮಾಡುತ್ತದೆ, ಅಷ್ಟೇ. ಮೊಟ್ಟೆಗಳಿಗೆ ಅದು ತಟ್ಟುವುದಿಲ್ಲ. ಮೊಟ್ಟೆ ಒಡೆಯಲು ಸುಮಾರು 4 ದಿನ, ಮರಿ ಬೆಳೆದು ಮತ್ತೆ ಮೊಟ್ಟೆ ಇಡುವ ಹಂತಕ್ಕೆ ಬರಲು ಒಟ್ಟು 3 ವಾರ ಬೇಕು. ಆ 3 ವಾರವನ್ನು ದಾಟಿ ಎಣ್ಣೆ ಮುಂದುವರಿಸಿದರೆ ಮಾತ್ರ ಫಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಶುವೈದ್ಯರು ಕೈಗೆ ಸಿಗುವ ಜಾಗದಲ್ಲಿ ನೀವಿದ್ದರೆ, ಕತ್ತಿನ ಹಿಂದೆ ಚರ್ಮದ ಮೇಲೆ ಹನಿಸುವ ಸೆಲಮೆಕ್ಟಿನ್‌ನಂಥ ಔಷಧ ಎಣ್ಣೆಗಿಂತ ಬೇಗ ಮತ್ತು ಖಾತ್ರಿಯಾಗಿ ಕೆಲಸ ಮಾಡುತ್ತದೆ. ಎಣ್ಣೆಯ ದಾರಿ ನಿಧಾನದ್ದು, ಶಿಸ್ತು ಬೇಡುವಂಥದ್ದು. ಆದರೆ ಆಸ್ಪತ್ರೆ ದೂರ ಇದ್ದಾಗ, ಆಷಾಢದ ಮಳೆಗೆ ಬಸ್ಸು ನಿಂತಾಗ, ನುಸಿ ಈಗಷ್ಟೇ ಶುರುವಾಗಿದ್ದಾಗ, ಸರಿಯಾಗಿ ಮಾಡಿದರೆ ಇದೂ ನಡೆಯುತ್ತದೆ.

## 1. ನುಸಿಯೇ ಹೌದಾ, ಮೊದಲು ನೋಡಿ

ಈ ಹಂತ ಬಿಟ್ಟವರೇ ಜಾಸ್ತಿ ಸೋಲುತ್ತಾರೆ. ಕಿವಿ ಕೆರೆದುಕೊಳ್ಳುವ ಬೆಕ್ಕಿಗೆಲ್ಲ ನುಸಿ ಇರುವುದಿಲ್ಲ.

ಬೆಕ್ಕನ್ನು ಬೆಳಕಿರುವ ಜಗಲಿಗೆ ತನ್ನಿ. ಕಿವಿಯ ಹಾಲೆಯನ್ನು ಮೆಲ್ಲಗೆ ಹಿಂದಕ್ಕೆ ಮಡಚಿ ಟಾರ್ಚ್ ಬಿಡಿ. ನುಸಿ ಇದ್ದರೆ ಒಳಗೆ ಕಪ್ಪು ಕಂದು ಬಣ್ಣದ, ಪುಡಿಪುಡಿಯಾದ ಗುಗ್ಗೆ ಕಾಣುತ್ತದೆ. ಕಾಫಿ ಸೋಸಿದ ಮೇಲೆ ಉಳಿಯುವ ಚರಟದ ಹಾಗೇ ಇರುತ್ತದೆ. ಸಾಮಾನ್ಯವಾಗಿ ಎರಡೂ ಕಿವಿಯಲ್ಲಿ ಇರುತ್ತದೆ.

ಆಮೇಲೆ ಕಿವಿಯ ಒಳಭಾಗವನ್ನು ಬೆರಳಿನಿಂದ ಹಗುರಾಗಿ ಉಜ್ಜಿ ನೋಡಿ. ಬಹಳಷ್ಟು ಬೆಕ್ಕುಗಳು ತಕ್ಷಣ ಆ ಕಡೆಯ ಹಿಂಗಾಲನ್ನು ಗಾಳಿಯಲ್ಲೇ ಆಡಿಸಲು ಶುರುಮಾಡುತ್ತವೆ. ತುರಿಕೆ ವಿಪರೀತ ಇದೆ ಅನ್ನುವುದಕ್ಕೆ ಇದು ಒಳ್ಳೆಯ ಗುರುತು.

ಈಗ ನಿಜವಾದ ಪರೀಕ್ಷೆ. ಹತ್ತಿಯ ತುಂಡಿನಲ್ಲಿ ಸ್ವಲ್ಪ ಗುಗ್ಗೆ ತೆಗೆದು ಕಪ್ಪು ಕಾಗದ ಅಥವಾ ಕಪ್ಪು ಬಟ್ಟೆಯ ಮೇಲೆ ತೆಳ್ಳಗೆ ಹರಡಿ. ಬಿಸಿಲಿಗೆ ಹಿಡಿದು ಅಥವಾ ಟಾರ್ಚ್ ಬೆಳಕಿನಲ್ಲಿ ಭೂತಕನ್ನಡಿಯಿಂದ ನೋಡಿ. ಮೊಬೈಲ್‌ನ ಮ್ಯಾಕ್ರೋ ಕ್ಯಾಮೆರಾ ಇದ್ದರೂ ಸಾಕು. ಮೊದಲು ಬರೀ ಕಸದ ಹಾಗೆ ಕಾಣುತ್ತದೆ. ಅರ್ಧ ನಿಮಿಷ ಅಲುಗಾಡದೆ ನೋಡುತ್ತಿದ್ದರೆ, ಅದರ ನಡುವೆ ಬಿಳಿಯ ಚುಕ್ಕೆಗಳು ಜಾಗ ಬದಲಿಸುವುದು ಗೊತ್ತಾಗುತ್ತದೆ. ಒಂದು ನಿಲ್ಲುತ್ತದೆ, ಇನ್ನೊಂದು ಗುಗ್ಗೆಯ ಚೂರಿನ ಅಡಿಗೆ ಹೋಗಿ ಆಚೆಯಿಂದ ಹೊರಬರುತ್ತದೆ. ಅವೇ ನುಸಿ. ಅರ್ಧ ಮಿಲಿಮೀಟರ್‌ಗಿಂತ ಚಿಕ್ಕವು. ಚಳಿ ಇರುವ ಬೆಳಿಗ್ಗೆ ಅವು ಮಂದವಾಗಿರುತ್ತವೆ, ಹಾಗಾಗಿ ಕಾಗದವನ್ನು ಒಂದು ಕ್ಷಣ ಅಂಗೈ ಮೇಲಿಟ್ಟು ಬೆಚ್ಚಗೆ ಮಾಡಿ ಆಮೇಲೆ ನೋಡಿ.

ಚುಕ್ಕೆ ಕಾಣದಿದ್ದರೆ ಇನ್ನೆರಡು ದಿನ ಬಿಟ್ಟು ಮತ್ತೆ ನೋಡಿ. ಈ ಕೆಳಗಿನವು ಕಿವಿ ನುಸಿಯಲ್ಲ, ಇವಕ್ಕೆ ಎಣ್ಣೆ ಔಷಧವೂ ಅಲ್ಲ:

ಜಿಡ್ಡಾದ ಕಂದು ಗುಗ್ಗೆ, ಮುಗ್ಗಲು ವಾಸನೆ. ಇದು ಬೂಸ್ಟಿನ ಜಾತಿಯ ಸೋಂಕು. ಮಳೆಗಾಲದಲ್ಲಿ ನಮ್ಮ ಕಡೆ ತುಂಬಾ ಸಾಮಾನ್ಯ. ಎಣ್ಣೆ ಹಾಕಿದರೆ ಒಳಗೆ ಇನ್ನಷ್ಟು ತೇವ ಕಟ್ಟಿಕೊಂಡು ಜೋರಾಗುತ್ತದೆ.

ಹಳದಿ ಅಥವಾ ಹಸಿರು ಕೀವು, ಗಬ್ಬು ನಾತ. ಬ್ಯಾಕ್ಟೀರಿಯಾದ ಸೋಂಕು. ವೈದ್ಯರೇ ಬೇಕು.

ಕಿವಿಯ ಅಂಚು, ಹಣೆ, ಮೂತಿಯ ಮೇಲೆ ಒರಟು ಹಕ್ಕಳೆ, ಕೂದಲು ಉದುರುವುದು. ಇದು ಬೆಕ್ಕಿನ ಕಜ್ಜಿ. ಇದಕ್ಕೆ ಕಾರಣವಾಗುವ ನುಸಿ ಬೇರೆಯದು, ಚರ್ಮದೊಳಗೆ ಕೊರೆದು ಹೋಗುತ್ತದೆ. ಎತ್ತಿ ಆಡಿಸುವವರಿಗೂ ತುರಿಕೆ ಹತ್ತಬಹುದು. ಎಣ್ಣೆಯಿಂದ ವಾಸಿಯಾಗುವುದಿಲ್ಲ.

## 2. ಉಣುಗು ಇದೆಯಾ ನೋಡುವುದನ್ನು ಮರೆಯಬೇಡಿ

ಬಯಲುಸೀಮೆಯವರಿಗೆ ಬರೆದಿದ್ದರೆ ಈ ಹಂತ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಅದನ್ನು ಹರಡುವುದು ಕಾಡಿನ ಉಣುಗು. ತರಗೆಲೆಯಲ್ಲಿ, ದರಕಿನ ರಾಶಿಯಲ್ಲಿ ಓಡಾಡಿ ಬರುವ ಬೆಕ್ಕಿನ ಕಿವಿಯ ಅಂಚಿನಲ್ಲಿ, ಕಿವಿಯ ಹೊರಗಿನ ಚಿಕ್ಕ ಮಡಿಕೆಯಲ್ಲಿ ಉಣುಗು ಕಚ್ಚಿ ಕೂತಿರುವುದುಂಟು. ಚಳಿಗಾಲದ ಹೊತ್ತಿಗೆ ಶುರುವಾಗಿ ಮಳೆ ಬೀಳುವ ತನಕ ಇದರ ಕಾಟ ಜಾಸ್ತಿ.

ಉಣುಗು ಕಂಡರೆ ಎಣ್ಣೆ ಸುರಿಯಬೇಡಿ. ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಒತ್ತುವುದನ್ನಂತೂ ಮಾಡಲೇಬೇಡಿ. ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಸ್ಪಿರಿಟ್ ಅಥವಾ ಸೋಪಿನ ನೀರಿರುವ ಡಬ್ಬಿಗೆ ಹಾಕಿ ಮುಚ್ಚಿ. ಕೈ ತೊಳೆಯಿರಿ. ಕಿವಿಯ ಆಳದಲ್ಲಿ ಕೂತಿದ್ದರೆ ವೈದ್ಯರ ಕೆಲಸ, ನಿಮ್ಮದಲ್ಲ. ಆಮೇಲಿನ ದಿನಗಳಲ್ಲಿ ಮನೆಯವರಿಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗಿನ ವಿಷಯ ಹೇಳಿ.

ಇಲ್ಲೇ ಇನ್ನೊಂದು ಎಚ್ಚರಿಕೆ. ಕಾಡಂಚಿನ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಕೈಕಾಲಿಗೆ ಹಚ್ಚಿಕೊಳ್ಳಲು ಕೊಡುವ ಡೆಪಾ ಎಣ್ಣೆ ಮನುಷ್ಯರಿಗೆ ಮಾತ್ರ. "ಉಣುಗಿಗೆ ಆಗುತ್ತಲ್ಲ, ನುಸಿಗೂ ಆಗುತ್ತೆ" ಅಂತ ಬೆಕ್ಕಿಗೆ ಹಚ್ಚಬೇಡಿ. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಚೊಕ್ಕ ಮಾಡುವ ಪ್ರಾಣಿ. ಮೈಗೆ ಹಚ್ಚಿದ್ದು ಹೊಟ್ಟೆಗೆ ಹೋಗಿಯೇ ಹೋಗುತ್ತದೆ.

## 3. ಎಣ್ಣೆ ಹಾಕಲೇಬಾರದ ಕಿವಿ

ಬೆಕ್ಕಿನ ಕಿವಿಯ ನಾಳ ಮೊದಲು ಕೆಳಕ್ಕೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಆ ತಿರುವಿನಾಚೆ ಕಿವಿಯ ತಮಟೆ ಇದೆ. ಮನೆಯಲ್ಲಿ ಎಷ್ಟೇ ಒಳ್ಳೆಯ ಟಾರ್ಚ್ ಬಿಟ್ಟರೂ ಅದು ಕಾಣುವುದಿಲ್ಲ. ತಮಟೆ ಹರಿದಿದ್ದರೆ ಹಾಕಿದ ಎಣ್ಣೆ ನಡುಕಿವಿಗೆ ಇಳಿದು ದೊಡ್ಡ ತೊಂದರೆ ಕೊಡುತ್ತದೆ. ಕಾಣದ ತಮಟೆಯ ಸ್ಥಿತಿಯನ್ನು ಹೊರಗಿನ ಗುರುತುಗಳಿಂದಲೇ ಊಹಿಸಬೇಕು.

ತಲೆ ಸದಾ ಒಂದು ಕಡೆಗೆ ವಾಲಿದ್ದರೆ, ನಡೆಯುವಾಗ ತೂರಾಡಿದರೆ ಅಥವಾ ಸುತ್ತು ಹಾಕಿದರೆ, ಕಣ್ಣಿನ ಪಾಪೆ ಅತ್ತಿತ್ತ ಹಾರುತ್ತಿದ್ದರೆ, ಕಿವಿಯಿಂದ ರಕ್ತ ಅಥವಾ ಕೀವು ಬರುತ್ತಿದ್ದರೆ, ಕಿವಿ ಮುಟ್ಟಿದರೆ ಚೀರಿದರೆ ಒಂದು ಹನಿಯನ್ನೂ ಹಾಕಬೇಡಿ. ಕಿವಿಯ ಹಾಲೆ ಮೆತ್ತಗೆ ಊದಿಕೊಂಡಿದ್ದರೂ ಅಷ್ಟೇ. ತಲೆ ಒದರಿ ಒದರಿ ಒಳಗೆ ರಕ್ತನಾಳ ಒಡೆದು ರಕ್ತ ತುಂಬಿಕೊಂಡಿರುತ್ತದೆ. ಅದನ್ನು ಮನೆಯಲ್ಲಿ ಚುಚ್ಚಿ ತೆಗೆಯಲು ಹೋಗಬೇಡಿ.

ಎರಡು ತಿಂಗಳು ತುಂಬದ ಮರಿಗಳಿಗೂ ವೈದ್ಯರನ್ನು ಕೇಳದೆ ಶುರುಮಾಡುವುದು ಬೇಡ.

## 4. ಯಾವ ಎಣ್ಣೆ?

ಮೂರರಲ್ಲಿ ಒಂದು ಸಾಕು: ಶುದ್ಧ ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಇಲ್ಲವೇ ಆಲಿವ್ ಎಣ್ಣೆ. ನನ್ನ ಆಯ್ಕೆ ಗಾಣದ ಕೊಬ್ಬರಿ ಎಣ್ಣೆ. ಮನೆಯಲ್ಲಿ ಇರುತ್ತದೆ, ನೆಕ್ಕಿದರೂ ಅಪಾಯವಿಲ್ಲ. ಜಾಸ್ತಿ ನೆಕ್ಕಿದರೆ ಒಂದು ದಿನ ಭೇದಿ ಆಗಬಹುದು, ಅಷ್ಟೇ. ಕರಿದು ಉಳಿದ ಎಣ್ಣೆ ಬೇಡ. ಕಮಟು ವಾಸನೆ ಬಂದ ಹಳೆಯದೂ ಬೇಡ. ತಲೆಗೆ ಹಚ್ಚುವ ಸುವಾಸನೆಯ ಎಣ್ಣೆಯೂ, ಮನೆಯಲ್ಲಿ ಸೊಪ್ಪು ಹಾಕಿ ಕಾಯಿಸಿದ ಕೂದಲ ಎಣ್ಣೆಯೂ ಬೇಡ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕಾರ್ತಿಕ, ಮಾರ್ಗಶಿರದ ಬೆಳಿಗ್ಗೆ ಬಾಟಲಿ ಗಟ್ಟಿಯಾಗಿರುತ್ತದೆ, ಅಲ್ವಾ? ಒಲೆಯ ಮೇಲಿಡಬೇಡಿ. ಬಿಸಿನೀರಿನ ಲೋಟದಲ್ಲಿ ಚಿಕ್ಕ ಬಾಟಲಿ ಇಟ್ಟು ಕರಗಿಸಿ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ತಣ್ಣನೆಯ ಎಣ್ಣೆ ಕಿವಿಗೆ ಬಿದ್ದ ಬೆಕ್ಕು ಮಾರನೇ ದಿನ ಬಾಟಲಿ ನೋಡಿದರೇ ಅಟ್ಟ ಹತ್ತುತ್ತದೆ.

## 5. ಗಿಡಮೂಲಿಕೆ ಅಂತ ಹಾಕಬಾರದವು

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಮನುಷ್ಯರ ಯಕೃತ್ತು ಸುಲಭವಾಗಿ ಕರಗಿಸುವ ಎಷ್ಟೋ ಪದಾರ್ಥಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು. ಘಾಟಿನ ಗಿಡಗಳಲ್ಲಿರುವ ಫೀನಾಲ್ ಜಾತಿಯ ಪದಾರ್ಥಗಳು ಅದರ ಮೈಯಲ್ಲೇ ಉಳಿದು ವಿಷವಾಗುತ್ತವೆ. ನೋವಿಗೆಂದು ಅರ್ಧ ಪ್ಯಾರಸಿಟಮಾಲ್ ಕೊಟ್ಟರೂ ಬೆಕ್ಕು ಸಾಯಬಹುದು. ಕಾರಣ ಇದೇ ಕೊರತೆ.

ಬೇವಿನೆಣ್ಣೆಯಿಂದ ಶುರುಮಾಡೋಣ, ಯಾಕೆಂದರೆ ಎಲ್ಲರೂ ಮೊದಲು ಕೈಹಾಕುವುದು ಅದಕ್ಕೇ. ನಮ್ಮ ಮಳೆಸೀಮೆಯಲ್ಲಿ ಬೇವಿನ ಮರ ಕಮ್ಮಿ, ಹಾಗಾಗಿ ಜನ ಗೊಬ್ಬರದ ಅಂಗಡಿಯಿಂದ ಬಾಟಲಿ ತರುತ್ತಾರೆ. ಅದು ತೋಟಕ್ಕೆ ಸಿಂಪಡಿಸುವ ಬೇವಿನೆಣ್ಣೆ. ನೀರಿನಲ್ಲಿ ಬೆರೆಯಲಿ ಅಂತ ಅದಕ್ಕೆ ಬೇರೆ ರಾಸಾಯನಿಕ ಸೇರಿಸಿರುತ್ತಾರೆ. ಅದನ್ನು ಕಿವಿಗೆ ಹಾಕಿದರೆ ಚರ್ಮ ಉರಿಯುತ್ತದೆ, ನೆಕ್ಕಿದ ಬೆಕ್ಕು ಜೊಲ್ಲು ಸುರಿಸುತ್ತದೆ, ವಾಂತಿ ಮಾಡುತ್ತದೆ. ಶುದ್ಧ ಬೇವಿನೆಣ್ಣೆಯೂ ಬೆಕ್ಕಿನ ಕಿವಿಗೆ ಸರಿಹೋಗುವಂಥದ್ದಲ್ಲ. ಹೊಂಗೆ ಎಣ್ಣೆಯನ್ನೂ ಬಿಡಿ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಮನುಷ್ಯರ ಕಿವಿನೋವಿಗೆ ಅಜ್ಜಿಯರು ಹಾಕುತ್ತಿದ್ದದ್ದು. ಬೆಕ್ಕಿಗೆ ಈರುಳ್ಳಿ, ಬೆಳ್ಳುಳ್ಳಿ ಎರಡೂ ವಿಷ. ನೆಕ್ಕಿ ಹೊಟ್ಟೆಗೆ ಹೋದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ.

ಟೀ ಟ್ರೀ ಎಣ್ಣೆ, ನೀಲಗಿರಿ ತೈಲ, ಲವಂಗದ ಎಣ್ಣೆ, ದಾಲ್ಚಿನ್ನಿ ಎಣ್ಣೆ, ಓಮದ ಎಣ್ಣೆ, ಮಜ್ಜಿಗೆಹುಲ್ಲಿನ ಎಣ್ಣೆ, ತುಳಸಿ ಎಣ್ಣೆ, ಕರ್ಪೂರ ಇವುಗಳಲ್ಲಿ ಒಂದೂ ಬೇಡ. ಕೊಬ್ಬರಿ ಎಣ್ಣೆಗೆ ಒಂದೇ ಹನಿ ಬೆರೆಸಿದರೆ ಏನೂ ಆಗಲ್ಲ ಅನ್ನುವ ಮಾತಿಗೂ ಕಿವಿಗೊಡಬೇಡಿ.

ನಿಂಬೆರಸ ಮತ್ತು ವಿನೆಗರ್ ಕೆರೆದು ಗಾಯವಾದ ಚರ್ಮಕ್ಕೆ ಉರಿ ಹಚ್ಚುತ್ತವೆ. ಅರಿಶಿನ ಪುಡಿ ಗುಗ್ಗೆಯ ಜೊತೆ ಸೇರಿ ನಾಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಲೋಳೆಸರದ ಹಳದಿ ರಸ ಹೊಟ್ಟೆಗೆ ಹೋದರೆ ವಾಂತಿ, ಭೇದಿ. ಹೇನಿಗೆ ಹಚ್ಚುವ ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು. ಇಂಬಳಕ್ಕೆ ಹಚ್ಚುವ ಹೊಗೆಸೊಪ್ಪು, ಸುಣ್ಣ ಬೆಕ್ಕಿನ ಹತ್ತಿರವೂ ಸುಳಿಯಬಾರದು, ನಿಕೋಟಿನ್ ಅದಕ್ಕೆ ಕಡು ವಿಷ. ಹೊರದೇಶದ ಬರಹಗಳಲ್ಲಿ ಕ್ಯಾಲೆಂಡುಲಾ ಅಂತ ಓದಿ ತೋಟದ ಚೆಂಡುಹೂವನ್ನು ಕುದಿಸುವವರಿದ್ದಾರೆ. ಅದು ಬೇರೆ ಗಿಡ, ಇದು ಬೇರೆ ಗಿಡ.

ಗಿಡಮೂಲಿಕೆ ಅಲ್ಲದಿದ್ದರೂ ಕೊಟ್ಟಿಗೆ ಇರುವ ಮನೆಯವರಿಗೆ ಇದನ್ನು ಹೇಳಲೇಬೇಕು. ದನದ ಉಣುಗಿಗೆ ತಂದ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಅಮಿಟ್ರಾಜ್, ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿ, ದನಕ್ಕೆ ಚುಚ್ಚುವ ಐವರ್‌ಮೆಕ್ಟಿನ್ ಇವನ್ನು "ಸ್ವಲ್ಪವೇ ಸ್ವಲ್ಪ" ಅಂತ ಬೆಕ್ಕಿಗೆ ಹಾಕಿ ಕಳೆದುಕೊಂಡವರಿದ್ದಾರೆ. ಮೈ ನಡುಗುವುದು, ಜೊಲ್ಲು, ಸೆಳವು ಕಂಡರೆ ಪಾತ್ರೆ ತೊಳೆಯುವ ಸೋಪು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ಟವೆಲ್ ಸುತ್ತಿ, ತಕ್ಷಣ ವೈದ್ಯರ ಹತ್ತಿರ ಓಡಿ. ಔಷಧದ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

## 6. ಸಾಮಾನು ಜೋಡಿಸಿಕೊಳ್ಳಿ

ಬೆಕ್ಕನ್ನು ಹಿಡಿದ ಮೇಲೆ ಹತ್ತಿ ಹುಡುಕಲು ಎದ್ದರೆ ಆ ದಿನದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮೊದಲೇ ಒಂದು ತಟ್ಟೆಯಲ್ಲಿ ಇಟ್ಟುಕೊಳ್ಳಿ:

- ಬೆಚ್ಚಗೆ ಮಾಡಿದ ಎಣ್ಣೆ, ಚಿಕ್ಕ ಬಾಟಲಿಯಲ್ಲಿ
- ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಡ್ರಾಪರ್ (ತುದಿ ಪ್ಲಾಸ್ಟಿಕ್ಕಿನದು, ಗಾಜಿನದಲ್ಲ)
- ಹತ್ತಿ, ಮತ್ತು ಹಳೆಯ ಪಂಚೆಯಿಂದ ಹರಿದ ಮೆತ್ತನೆಯ ಬಟ್ಟೆ ಚೂರು
- ದಪ್ಪನೆಯ ಟವೆಲ್
- ಟಾರ್ಚ್
- ಉಗುರು ಕತ್ತರಿ
- ಬೆಕ್ಕಿಗೆ ಇಷ್ಟದ ತಿಂಡಿ: ಒಣಮೀನಿನ ಚೂರೋ, ಹಾಲಿನ ಕೆನೆಯೋ, ನಿಮ್ಮ ಮನೆಯಲ್ಲಿ ಏನು ನಡೆಯುತ್ತದೋ ಅದು

ಕಿವಿಗೆ ಹಾಕುವ ಕಡ್ಡಿ ಈ ಪಟ್ಟಿಯಲ್ಲಿ ಇಲ್ಲ. ಅದು ಗುಗ್ಗೆಯನ್ನು ಹೊರಗೆ ತರುವ ಬದಲು ತಿರುವಿನಾಚೆ ತುರುಕುತ್ತದೆ. ಬೆಕ್ಕು ತಲೆ ಒದರಿದರೆ ತಮಟೆಗೂ ಚುಚ್ಚಬಹುದು.

## 7. ಬೆಕ್ಕನ್ನು ಹಿಡಿಯುವುದು

ಊಟ ಮಾಡಿ ತೂಕಡಿಸುವ ಹೊತ್ತು ಒಳ್ಳೆಯದು. ಬಾಗಿಲು, ಕಿಟಕಿ ಹಾಕಿ. ಮೊದಲು ಹಿಂಗಾಲಿನ ಉಗುರಿನ ಮೊನೆ ಕತ್ತರಿಸಿ, ಬಿಳಿಯ ತುದಿ ಮಾತ್ರ, ಒಳಗಿನ ಗುಲಾಬಿ ಭಾಗಕ್ಕೆ ತಾಗಬಾರದು. ಕಿವಿಯ ಹಿಂದೆ ಆಗುವ ಗಾಯಗಳೆಲ್ಲ ಈ ಉಗುರಿನವೇ.

ಟವೆಲ್ ಹಾಸಿ ಬೆಕ್ಕನ್ನು ನಡುವೆ ಕೂರಿಸಿ, ನಾಲ್ಕೂ ಕಾಲು ಒಳಗೆ ಸೇರುವ ಹಾಗೆ ಎರಡೂ ಕಡೆಯಿಂದ ಸುತ್ತಿ. ತಲೆ ಮಾತ್ರ ಹೊರಗೆ. ಕತ್ತಿಗೆ ಬಿಗಿಯಬೇಡಿ. ಇಬ್ಬರಿದ್ದರೆ ಒಬ್ಬರು ಎದೆಗೆ ಒತ್ತಿ ಹಿಡಿದುಕೊಳ್ಳಲಿ, ಇನ್ನೊಬ್ಬರು ಕಿವಿ ನೋಡಲಿ. ಒಬ್ಬರೇ ಇದ್ದರೆ ಮಂಡಿಯೂರಿ ಕೂತು, ಬೆಕ್ಕಿನ ಹಿಂಭಾಗ ನಿಮ್ಮ ಕಡೆ ಇರುವ ಹಾಗೆ ತೊಡೆಗಳ ನಡುವೆ ಇಟ್ಟುಕೊಳ್ಳಿ. ಹೆದರಿ ಬುಸುಗುಟ್ಟಿದರೆ ಬಿಟ್ಟುಬಿಡಿ, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಮೊದಲ ದಿನ ಜುಲುಮೆ ಮಾಡಿದರೆ ಉಳಿದ ದಿನಗಳು ಕೈಗೆ ಸಿಗುವುದಿಲ್ಲ.

## 8. ಎಣ್ಣೆ, ಉಜ್ಜುವುದು, ಒರೆಸುವುದು

ಕ್ರಮ ಮುಖ್ಯ. ಒಣ ಕಿವಿಯನ್ನು ಮೊದಲೇ ಕೆರೆದು ಚೊಕ್ಕ ಮಾಡಲು ಹೋಗಬೇಡಿ. ಮೊದಲು ಎಣ್ಣೆ, ಆಮೇಲೆ ಉಜ್ಜುವುದು, ಆಮೇಲೆ ಒರೆಸುವುದು.

ಕಿವಿಯ ಹಾಲೆಯನ್ನು ತುದಿಯಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿ, ನಾಳ ನೆಟ್ಟಗಾಗುತ್ತದೆ. ಡ್ರಾಪರ್ ಒಳಗೆ ತೂರಿಸದೆ, ಬಾಯಿಯ ಹತ್ತಿರ ಹಿಡಿದು 3-4 ಹನಿ ಬಿಡಿ. ಮರಿಗಾದರೆ 1-2 ಹನಿ ಸಾಕು. ತುಂಬಿ ತುಳುಕುವಷ್ಟು ಹಾಕಿದರೆ ನುಸಿ ಬೇಗ ಸಾಯುವುದಿಲ್ಲ, ಬೆಕ್ಕಿನ ತಲೆಯೆಲ್ಲ ಜಿಡ್ಡಾಗುತ್ತದೆ ಅಷ್ಟೇ.

ಹಾಲೆ ಬಿಡದೆ, ಇನ್ನೊಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಕಿವಿಯ ಬುಡವನ್ನು ಹಿಡಿಯಿರಿ. ಅಲ್ಲಿ ಗಟ್ಟಿಯಾದ ಕೊಳವೆಯೊಂದು ಬೆರಳಿಗೆ ಸಿಗುತ್ತದೆ, ಅದೇ ನಾಳ. ಮೆಲ್ಲಗೆ ಸುತ್ತ ಉಜ್ಜಿ. ಎಣ್ಣೆ ಒಳಗೆ ಇಳಿದಿದ್ದರೆ ಪಚ ಪಚ ಅಂತ ಸದ್ದು ಕೇಳುತ್ತದೆ. ಆ ಸದ್ದು ಕೇಳಿದ ಮೇಲೆ ಅರ್ಧ ನಿಮಿಷ ಮುಂದುವರಿಸಿ. ಬೆಕ್ಕು ಇಲ್ಲಿಯವರೆಗೆ ಒದ್ದಾಡುತ್ತಿದ್ದರೂ, ಎಷ್ಟೋ ಸಲ ಈ ಹೊತ್ತಿಗೆ ಕಣ್ಣು ಅರೆಮುಚ್ಚಿ ತಲೆಯನ್ನು ನಿಮ್ಮ ಕೈಗೇ ಒತ್ತಿಕೊಳ್ಳುತ್ತದೆ. ತುರಿಕೆಗೆ ಅಷ್ಟು ಹಿತ.

ಈಗ ಕೈ ಬಿಟ್ಟು ಸ್ವಲ್ಪ ಹಿಂದೆ ಸರಿಯಿರಿ, ತಲೆ ಒದರಲಿ. ಒಳಗಿನ ಕೊಳೆ ಮೇಲೆ ಬರುವುದು ಆ ಒದರುವಿಕೆಯಿಂದಲೇ. ಆಮೇಲೆ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಬೆರಳು ತಾನಾಗಿ ಹೋಗುವಷ್ಟು ಆಳಕ್ಕೆ ಮಾತ್ರ ಒರೆಸಿ. ಬಟ್ಟೆ ಕಪ್ಪಾದರೆ ಬದಲಿಸಿ. ಒಂದು ಕಿವಿಯ ಬಟ್ಟೆ ಇನ್ನೊಂದಕ್ಕೆ ಬೇಡ. ಮೊದಲ ದಿನವೇ ಎಲ್ಲ ಗುಗ್ಗೆ ಬರಬೇಕು ಅಂತ ಹಟ ಮಾಡಬೇಡಿ, 3-4 ದಿನದಲ್ಲಿ ತಾನಾಗಿ ಸಡಿಲವಾಗಿ ಬರುತ್ತದೆ.

ಎರಡೂ ಕಿವಿ ಮುಗಿದ ಮೇಲೆ ತಿಂಡಿ ಕೊಡಿ. ಬಳಸಿದ ಹತ್ತಿ, ಬಟ್ಟೆಯನ್ನು ಸೀದಾ ಬಚ್ಚಲ ಒಲೆಗೆ ಹಾಕಿ.

ಹಾಕಿದ ಕೂಡಲೇ ತಲೆ ವಾಲಿಸಿ ತೂರಾಡಿದರೆ ಅಥವಾ ವಾಂತಿ ಮಾಡಿದರೆ ಅಲ್ಲಿಗೇ ನಿಲ್ಲಿಸಿ. ತಮಟೆಗೆ ಪೆಟ್ಟಾಗಿರುವ ಸಂಶಯ ಇದೆ.

## 9. ಮೂವತ್ತು ದಿನದ ಲೆಕ್ಕ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಶುರುಮಾಡಿದ ದಿನ ಗುರುತು ಹಾಕಿ. ಬಾಯಿಲೆಕ್ಕ ಬೇಡ.

1ರಿಂದ 7ನೇ ದಿನ: ದಿನಕ್ಕೊಂದು ಸಲ, ಎರಡೂ ಕಿವಿಗೆ.

8ರಿಂದ 21ನೇ ದಿನ: ದಿನ ಬಿಟ್ಟು ದಿನ.

22ರಿಂದ 30ನೇ ದಿನ: ವಾರಕ್ಕೆರಡು ಸಲ.

ಹತ್ತನೇ ದಿನದ ಹೊತ್ತಿಗೆ ಕಿವಿ ಗುಲಾಬಿಯಾಗಿ, ಚೊಕ್ಕವಾಗಿ ಕಾಣುತ್ತದೆ. ಕೆರೆಯುವುದು ನಿಂತಿರುತ್ತದೆ. ಬಹಳಷ್ಟು ಜನ ಬಾಟಲಿ ಎತ್ತಿಡುವುದು ಇದೇ ದಿನ. ದೊಡ್ಡ ನುಸಿಗಳು ಸತ್ತಿರುವುದು ನಿಜ, ಆದರೆ ಮೊಟ್ಟೆಯಿಂದ ಬಂದ ಮರಿಗಳು ಗುಗ್ಗೆಯ ಅಡಿಯಲ್ಲಿ ಬೆಳೆಯುತ್ತಿರುತ್ತವೆ. ಈಗ ನಿಲ್ಲಿಸಿದರೆ ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಮೊದಲಿನಷ್ಟೇ ಆಗಿರುತ್ತದೆ. ಕಿವಿ ಚೊಕ್ಕ ಕಂಡಷ್ಟೂ ಎಣ್ಣೆ ತಪ್ಪಿಸಬೇಡಿ.

30ನೇ ದಿನ ಕಪ್ಪು ಕಾಗದದ ಪರೀಕ್ಷೆ ಮತ್ತೆ ಮಾಡಿ. ಆ ಪರೀಕ್ಷೆಗೆ ಮೊದಲು ಎರಡು ದಿನ ಎಣ್ಣೆ ಹಾಕಬೇಡಿ, ಎಣ್ಣೆಯ ಜಿಡ್ಡಿನಲ್ಲಿ ಚಲನೆ ಕಾಣುವುದಿಲ್ಲ. ಒಂದು ಚುಕ್ಕೆ ಆಡಿದರೂ ವೈದ್ಯರ ಹನಿ ಔಷಧಕ್ಕೆ ಹೋಗುವುದು ಒಳ್ಳೆಯದು. ಮತ್ತೊಂದು ತಿಂಗಳು ಎಣ್ಣೆ ಅಂತ ಬೆಕ್ಕನ್ನು ಗೋಳಾಡಿಸಬೇಡಿ.

## 10. ಉಳಿದ ಪ್ರಾಣಿಗಳು, ಮಲಗುವ ಜಾಗ

ನುಸಿ ಮೈಗೆ ಮೈ ತಾಗಿದರೆ ಹರಡುತ್ತದೆ. ಮನೆಯಲ್ಲಿ ನಾಲ್ಕು ಬೆಕ್ಕಿದ್ದು ಒಂದಕ್ಕೆ ಮಾತ್ರ ಎಣ್ಣೆ ಹಾಕಿದರೆ ನೀರಿನಲ್ಲಿ ಹೋಮ ಮಾಡಿದಂತೆ. ಎಲ್ಲಾ ಬೆಕ್ಕಿಗೂ, ಅದರ ಜೊತೆ ಮಲಗುವ ನಾಯಿಗೂ ಒಂದೇ ದಿನ ಶುರುಮಾಡಿ. ತಾಯಿ ಬೆಕ್ಕಿನಿಂದ ಮರಿಗಳಿಗೆ ಬಂದೇ ಬರುತ್ತದೆ. ಮನುಷ್ಯರಿಗೆ ಈ ನುಸಿ ಅಂಟಿ ಉಳಿಯುವುದು ತೀರಾ ಅಪರೂಪ, ಮಕ್ಕಳನ್ನು ಬೆಕ್ಕಿನಿಂದ ದೂರ ಇಡಬೇಕಾಗಿಲ್ಲ.

ಕೆಲವು ನುಸಿಗಳು ಕಿವಿ ಬಿಟ್ಟು ಕತ್ತು, ಬಾಲದ ಬುಡದ ಕೂದಲಿನಲ್ಲೂ ಇರುತ್ತವೆ. ಬೆಕ್ಕು ಬಾಲ ಸುತ್ತಿಕೊಂಡು ಮಲಗುತ್ತದಲ್ಲ, ಬಾಲದ ತುದಿ ಕಿವಿಗೆ ತಾಗುತ್ತದೆ. ಹಾಗಾಗಿ ದಿನಾ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಬಾಚಣಿಗೆಯನ್ನು ಸೋಪು ನೀರಿನಲ್ಲಿ ಅದ್ದಿ.

ಅಡಿಕೆ ಗೋಣಿ, ಹಳೆ ಕಂಬಳಿ, ಹುಲ್ಲಟ್ಟ, ಸೌದೆ ಕೊಟ್ಟಿಗೆ, ಬಚ್ಚಲ ಒಲೆಯ ಬದಿ ಹೀಗೆ ಬೆಕ್ಕು ಮಲಗುವ ಜಾಗಗಳು ನಮ್ಮ ಮನೆಗಳಲ್ಲಿ ಹತ್ತಾರು. ಎಲ್ಲವನ್ನೂ ತೊಳೆಯಲು ಆಗುವುದಿಲ್ಲ. ಒಂದು ಕೆಲಸ ಮಾಡಿ, ಈ ತಿಂಗಳ ಮಟ್ಟಿಗೆ ಒಂದೇ ಕಡೆ ಹಳೆ ಸೀರೆ ಹಾಸಿ ಅಲ್ಲೇ ಮಲಗುವ ಅಭ್ಯಾಸ ಮಾಡಿಸಿ. ಆ ಸೀರೆಯನ್ನು ವಾರಕ್ಕೆರಡು ಸಲ ಕುದಿನೀರಿನಲ್ಲಿ ಅದ್ದಿ ಒಣಗಿಸಿ.

## 11. ಮಳೆಗಾಲದಲ್ಲಿ ಮಾಡುವಾಗ

ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆ, ಹೊಸನಗರದ ಕಡೆ ಗೋಡೆಯೇ ಬೆವರುತ್ತದೆ. ಅಂಥ ಹೊತ್ತಲ್ಲಿ ಎಣ್ಣೆ ಹಾಕಿದ ಕಿವಿ ಒಣಗುವುದೇ ಇಲ್ಲ. ಹನಿಯನ್ನು 2ಕ್ಕೆ ಇಳಿಸಿ, ಒರೆಸುವುದನ್ನು ಎರಡು ಸಲ ಮಾಡಿ. ನೆನೆದು ಬಂದ ಬೆಕ್ಕಿನ ಕಿವಿಯನ್ನು ಮೊದಲು ಒಣಬಟ್ಟೆಯಿಂದ ಒರೆಸಿ, ಒಲೆಯ ಬೆಚ್ಚಗೆ ಅರ್ಧ ಗಂಟೆ ಕೂರಿಸಿ, ಆಮೇಲೆ ಎಣ್ಣೆ.

ದಿನಾ ಕಿವಿಯನ್ನು ಮೂಸಿ ನೋಡಿ. ಬರೀ ಕೊಬ್ಬರಿ ಎಣ್ಣೆಯ ವಾಸನೆ ಇರಬೇಕು. ಮುಗ್ಗಲು ಅಥವಾ ಹುಳಿ ವಾಸನೆ ಶುರುವಾದರೆ ಎಣ್ಣೆ ನಿಲ್ಲಿಸಿ, ಬೂಸ್ಟು ಹಿಡಿಯುತ್ತಿದೆ ಅಂತ ಅರ್ಥ.

## 12. ಯಾವಾಗ ವೈದ್ಯರ ಹತ್ತಿರ

ಒಂದು ವಾರ ಸರಿಯಾಗಿ ಎಣ್ಣೆ ಹಾಕಿಯೂ ಕೆರೆತ ಸ್ವಲ್ಪವೂ ಕಮ್ಮಿಯಾಗದಿದ್ದರೆ, ಕಿವಿ ಕೆಂಪಾಗಿ ಬಿಸಿಯಾಗಿದ್ದರೆ, ಬೆಕ್ಕು ಊಟ ಬಿಟ್ಟರೆ, 3ನೇ ಹಂತದ ಯಾವುದೇ ಗುರುತು ಕಂಡರೆ ಹೊರಡಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೋರಿಸಬಹುದು. ಶಿವಮೊಗ್ಗ ಹತ್ತಿರ ಇರುವವರಿಗೆ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹೋಗುವ ಮೊದಲು ಫೋನ್ ಮಾಡಿ ಬೆಕ್ಕು ನೋಡುವ ಸಮಯ ಕೇಳಿಕೊಳ್ಳಿ.

ಹೋಗುವ ಹಿಂದಿನ ದಿನ ಮತ್ತು ಆ ಬೆಳಿಗ್ಗೆ ಎಣ್ಣೆ ಹಾಕಬೇಡಿ, ಒರೆಸಲೂ ಬೇಡಿ. ಎಣ್ಣೆ ತುಂಬಿದ ಕಿವಿಯಲ್ಲಿ ವೈದ್ಯರಿಗೆ ತಮಟೆ ಕಾಣುವುದಿಲ್ಲ, ಒರೆಸಿದ ಕಿವಿಯಿಂದ ಸೂಕ್ಷ್ಮದರ್ಶಕಕ್ಕೆ ಇಡಲು ಗುಗ್ಗೆ ಸಿಗುವುದಿಲ್ಲ. ಏನೇನು ಹಾಕಿದಿರಿ, ಎಷ್ಟು ದಿನ ಹಾಕಿದಿರಿ ಅನ್ನುವುದನ್ನು ಮುಚ್ಚಿಡದೆ ಹೇಳಿ. ಬೇವಿನೆಣ್ಣೆಯೋ ದನದ ಔಷಧವೋ ಮೊದಲೇ ಹಾಕಿದ್ದರೆ ಅದನ್ನಂತೂ ಹೇಳಲೇಬೇಕು, ಮುಂದಿನ ಔಷಧ ಅದರ ಮೇಲೆ ನಿಲ್ಲುತ್ತದೆ. ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಒಯ್ಯಬೇಡಿ. ಗಾಳಿಯಾಡುವ ಬುಟ್ಟಿಗೆ ಅದರದೇ ಹಾಸಿಗೆ ಬಟ್ಟೆ ಹಾಕಿ, ಮೇಲೊಂದು ಟವೆಲ್ ಹೊದಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಳ್ಳಿ.